ಬಸ್ ತಂಗುದಾಣದಲ್ಲಿ ಒಪ್ಪಿಸಿದ ವಾರ್ಡು

ನರ್ಸಿಂಗ್ ಓದು ಮುಗಿಸಿ ಕೆಲಸಕ್ಕೆ ಸೇರುವ ಹುಡುಗಿಯರು, ಈಗ ಹುಡುಗರೂ, ಆಗಾಗ ಕಾಪುವಿನ ನನ್ನ ಮನೆಗೆ ಬರುತ್ತಾರೆ. ಸೂಜಿ ಚುಚ್ಚುವುದು, ಡ್ರಿಪ್ ಹಾಕುವುದು ಅವರಿಗೆ ಕಾಲೇಜಿನಲ್ಲೇ ಬಂದಿರುತ್ತದೆ. ಅವರು ಕೇಳುವುದು ಬೇರೆ. ಮೇಲಿನವರೊಡನೆ ಹೇಗಿರಬೇಕು, ಸರಿ ಕಾಣದ್ದನ್ನು ಹೇಳಬೇಕೋ ಬಾಯಿ ಮುಚ್ಚಿಕೊಂಡಿರಬೇಕೋ ಎಂದು ಕೇಳುತ್ತಾರೆ. ಒಂದು ಮಾತಿನಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ, ಬೇಕಾದ್ದನ್ನು ಅವರೇ ತೆಗೆದುಕೊಳ್ಳಲಿ.

ನಾನು ಕೆಲಸ ಮಾಡಿದ ಆಸ್ಪತ್ರೆ ಉಡುಪಿಗೂ ಕಾಪುವಿಗೂ ನಡುವೆ ಹೆದ್ದಾರಿಯ ಬದಿಯಲ್ಲಿದೆ. ಹೆಸರು ಬೇಡ. ಕಾರ್ಕಳದಲ್ಲಿ ಅದರ ಚಿಕ್ಕ ಶಾಖೆಯೊಂದಿದೆ. ಸ್ಟಾಫ್ ನರ್ಸ್ ಆಗಿ ಸೇರಿದೆ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ನಡುವಿನ ಮೆಟ್ಟಿಲುಗಳ ಕಥೆಯಿಂದ ಯಾರಿಗೂ ಪ್ರಯೋಜನವಿಲ್ಲ.

ನಾನು ಸೇರಿದಾಗ ನಮ್ಮ ಮೇಲೆ ಇದ್ದವರು ಒಬ್ಬ ಮೇಟ್ರನ್. ಎಲ್ಲರೂ ಅವರನ್ನು ಮೇಟ್ರನ್ ಅಮ್ಮ ಎನ್ನುತ್ತಿದ್ದೆವು. ಉಗುರು ನೋಡುತ್ತಿದ್ದರು, ಶೂ ನೋಡುತ್ತಿದ್ದರು, ಹಾಸಿಗೆಯ ಚಾದರದ ಮೂಲೆ ಮಡಿಸಿದ್ದು ನೆಟ್ಟಗಿದೆಯೇ ಎಂದು ಬೆರಳಿನಿಂದ ತಡವಿ ನೋಡುತ್ತಿದ್ದರು. ಗಾಜಿನ ಸಿರಿಂಜು ಕುದಿಸುವ ಕಾಲ ಅದು. ಅವರು ಕಲಿಸಿದ್ದರಲ್ಲಿ ಬಹುಪಾಲು ಈಗ ಯಾರಿಗೂ ಬೇಡ, ಬೇಡವಾದದ್ದೂ ಒಳ್ಳೆಯದೇ. ಆದರೆ ಒಂದು ಕೆಲಸವನ್ನು ಅವರು ಬೇರೆ ಎಲ್ಲದಕ್ಕಿಂತ ಮೇಲಿಟ್ಟಿದ್ದರು. ಅದಕ್ಕೆ ನಮ್ಮಲ್ಲಿ ಒಪ್ಪಿಸುವುದು ಎಂದು ಹೆಸರು. ಪಾಳಿ ಮುಗಿಸಿ ಹೋಗುವವಳು ಮತ್ತು ಪಾಳಿಗೆ ಬಂದವಳು ಇಬ್ಬರೂ ಒಂದೊಂದು ಹಾಸಿಗೆಯ ಪಕ್ಕದಲ್ಲಿ ನಿಂತು, ರೋಗಿಯ ಮುಖ ನೋಡುತ್ತ, ಮೆಲುದನಿಯಲ್ಲಿ ಮಾತಾಡಿ ರೋಗಿಯನ್ನು ಕೈಬದಲು ಮಾಡಬೇಕು. ಇದಕ್ಕಾಗಿ ಎರಡು ಪಾಳಿಗಳೂ ಅರ್ಧ ಗಂಟೆ ಒಟ್ಟಿಗೆ ವಾರ್ಡಿನಲ್ಲಿ ಇರುತ್ತಿದ್ದವು.

ಒಂದು ಬೆಳಿಗ್ಗೆ ನನ್ನ ಜೊತೆಯವಳೊಬ್ಬಳು ದೂರದಿಂದಲೇ ಕೈ ತೋರಿಸಿ, “ಆ ಸಾಲಿನಲ್ಲಿ ಎಲ್ಲ ಸರಿ ಉಂಟು” ಎಂದಳು. ಮೇಟ್ರನ್ ಅಮ್ಮ ಹೋಗಿ ಮೊದಲನೆಯ ರೋಗಿಯ ಹೊದಿಕೆ ಎತ್ತಿದರು. ಡ್ರಿಪ್ಪಿನ ಸೂಜಿ ಕಳಚಿ ಹಾಸಿಗೆ ಒದ್ದೆಯಾಗಿತ್ತು.

“ಎಲ್ಲ ಅಂದ್ರೆ ಎಂತ?” ಎಂದು ಕೇಳಿದರು. “ಎಲ್ಲದಕ್ಕೂ ಒಂದೊಂದು ಹೆಸರು ಉಂಟಲ್ಲ. ಅದನ್ನು ಹೇಳು.”

ಅವಳು ಒಂದು ವಾರ ಅವರ ಕಣ್ಣಿಗೆ ಬೀಳದಂತೆ ಓಡಾಡಿದಳು.

ಒಪ್ಪಿಸುವುದು ನಮ್ಮ ಕಡೆ ಬೇರೆ ಊರುಗಳಿಗಿಂತ ಹೆಚ್ಚು ಬೇಕಾಗುತ್ತದೆ ಎಂದು ನನಗೆ ಅನುಭವದಿಂದ ತಿಳಿಯಿತು. ನಮ್ಮಲ್ಲಿ ರೋಗಿ ತುಳುವಿನಲ್ಲಿ ನರಳುತ್ತಾನೆ, ಬ್ಯಾರಿಯಲ್ಲೋ ಕೊಂಕಣಿಯಲ್ಲೋ ದೂರುತ್ತಾನೆ; ಡಾಕ್ಟರು ಬಂದು ಕೇಳಿದರೆ ಕನ್ನಡದಲ್ಲಿ “ಅಡ್ಡಿಲ್ಲ” ಎನ್ನುತ್ತಾನೆ; ದಾಖಲೆಗೆ ಹೋಗುವುದು ಇಂಗ್ಲಿಷ್. ಇಷ್ಟು ಕೈ ದಾಟುವಾಗ ಸೋರಿಹೋಗುವುದು ಬಹಳ. ಯಾವ ಅಜ್ಜಿ ಮಾತ್ರೆಯನ್ನು ದಿಂಬಿನ ಕೆಳಗೆ ಸೇರಿಸುತ್ತಾಳೆ, ಯಾರಿಗೆ ಮಗಳು ಬಂದು ಹೋದ ಮೇಲೆ ರಕ್ತದೊತ್ತಡ ಏರುತ್ತದೆ, ಇಂಥವನ್ನು ಒಬ್ಬ ನರ್ಸು ಇನ್ನೊಬ್ಬಳಿಗೆ ಬಾಯಿಂದಲೇ ದಾಟಿಸಬೇಕು.

ಆಸ್ಪತ್ರೆ ಕಟ್ಟಿದ ಹಳೆಯ ಡಾಕ್ಟರಿಗೆ ವಯಸ್ಸಾದಾಗ ಅವರ ಮನೆಯವರು ಅದನ್ನು ಹೊರಗಿನ ಒಂದು ದೊಡ್ಡ ಸಂಸ್ಥೆಗೆ ವಹಿಸಿದರು. ಹೊಸ ಮುಖ್ಯಸ್ಥರು ಬಂದರು. ಅವರ ಬಗ್ಗೆ ಕೆಟ್ಟದಾಗಿ ಬರೆಯಲು ನನಗೆ ಕಾರಣವಿಲ್ಲ. ನಲವತ್ತು ದಾಟಿರಲಿಲ್ಲ, ಸಭ್ಯರು, ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಕನ್ನಡ ಮೈಸೂರು ಕಡೆಯದು. ಕಸ ಗುಡಿಸುವವರಿಗೂ “ನಮಸ್ಕಾರ” ಎನ್ನುತ್ತಿದ್ದರು. ಮೊದಲ ವರ್ಷದಲ್ಲೇ ಲಿಫ್ಟು ಸರಿಯಾಯಿತು, ಔಷಧಿ ಉಗ್ರಾಣದಲ್ಲಿ ಅವಧಿ ಮುಗಿದ ಡಬ್ಬಗಳು ಉಳಿಯುವುದು ನಿಂತಿತು. ಬಾಯಿಂದ ಹೇಳುತ್ತಿದ್ದುದೆಲ್ಲ ಕಂಪ್ಯೂಟರಿನ ಪರದೆಗೆ ಬಂತು. ಹಾಜರಿಗೆ ಮುಖ ಗುರುತಿಸುವ ಯಂತ್ರ ಬಂತು.

ಸಿಬ್ಬಂದಿಯ ಅಸಮಾಧಾನ ಕೂಡ ಅದೇ ವರ್ಷ ಶುರುವಾಯಿತು. ಅದು ಅವರಿಗೆ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂಬುದನ್ನು ಹೊಸಬರು ತಿಳಿದುಕೊಳ್ಳಬೇಕು.

ಒಮ್ಮೆ ಅವರು ಮಣಿಪಾಲದ ಒಂದು ಹೋಟೆಲಿನ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು. “ತೆರೆದ ಮನಸ್ಸಿನಿಂದ ಮಾತಾಡಿ, ನನ್ನ ತಪ್ಪಿದ್ದರೂ ಹೇಳಿ” ಎಂದರು. ಮೈಕು ಸಾಲಿನಿಂದ ಸಾಲಿಗೆ ಹೋಯಿತು. ಹಿಡಿದವರೆಲ್ಲ ಅದನ್ನು ಪಕ್ಕದವರಿಗೆ ದಾಟಿಸಿದರು. ಕೊನೆಗೆ ಲಾಂಡ್ರಿಯ ಒಬ್ಬರು ಎದ್ದು, “ಕ್ಯಾಂಟೀನಿನ ಚಾ ಸ್ವಲ್ಪ ನೀರು ಸರ್” ಎಂದರು. ಎಲ್ಲರೂ ನಕ್ಕರು, ಮುಖ್ಯಸ್ಥರೂ ನಕ್ಕರು, ಮರುದಿನವೇ ಚಾ ಗಟ್ಟಿಯಾಯಿತು. ಸಭೆ ಮುಗಿದು ಹೊರಗೆ ಬಸ್ಸಿಗೆ ಕಾಯುವಾಗ ಅದೇ ಜನ ತುಳುವಿನಲ್ಲಿ ಬಾಯಿ ಬಿಟ್ಟರು. ಒಳಗೆ ಕೇಳಬೇಕಾಗಿದ್ದ ಒಂದೊಂದು ಮಾತೂ ಅಲ್ಲಿತ್ತು.

ಆಮೇಲೆ ಫೋನಿನಲ್ಲಿ ಒಂದು ಸಮೀಕ್ಷೆ ಬಂತು. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ, ಒಂದನ್ನು ಒತ್ತಬೇಕು. ಹೆಸರು ಗೊತ್ತಾಗುವುದಿಲ್ಲ ಎಂದಿದ್ದರು. ಆದರೆ ತೆರೆಯಲು ನೌಕರರ ಸಂಖ್ಯೆ ಹಾಕಬೇಕಿತ್ತು.

“ನೀನು ಯಾವ ಮುಖ ಒತ್ತಿದಿ?” ಎಂದು ವಾರ್ಡಿನಲ್ಲಿ ಯಶೋದಾ ಯಾರನ್ನೋ ಕೇಳುತ್ತಿದ್ದಳು. ಯಶೋದಾ ಕಾರ್ಕಳದಿಂದ ದಿನವೂ ಬಸ್ಸಿನಲ್ಲಿ ಬರುವ ನರ್ಸು, ನಾಲಿಗೆ ಚುರುಕು.

“ನಗುವುದನ್ನೇ. ನನಗೆ ಮನೆ ಸಾಲ ಉಂಟು ಮಾರಾಯ್ತಿ.”

“ನನಗೆ ಇಲ್ಲ. ಆದ್ರೂ ನಗುವುದನ್ನೇ ಒತ್ತಿದ್ದು. ಅಳುವ ಮುಖ ಒತ್ತಿದ್ರೆ ಕೌನ್ಸೆಲಿಂಗಿಗೆ ಕರೀತಾರಂತೆ.”

ನಗುವ ಮುಖಗಳ ಫಲಿತಾಂಶವನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಲಿಫ್ಟಿನೊಳಗೆ ಅಂಟಿಸಿದರು.

ಇದಾದ ಮೇಲೆ ಒಪ್ಪಿಸಲಿಕ್ಕೆಂದಿದ್ದ ಆ ಅರ್ಧ ಗಂಟೆಯನ್ನು ತೆಗೆದುಹಾಕಿದರು. ಲೆಕ್ಕ ನೋಡಿದವರಿಗೆ, ಒಂದೇ ವಾರ್ಡಿಗೆ ಎರಡು ಪಾಳಿಯ ಜನ ಒಟ್ಟಿಗೆ ಇರುವುದು ದಂಡ ಎಂದು ಕಂಡಿತು. ಎಲ್ಲವೂ ಪರದೆಯಲ್ಲಿದೆಯಲ್ಲ, ಬಂದವರು ಓದಿಕೊಳ್ಳಲಿ ಎಂದರು. ಆಗ ಸೂಪರಿಂಟೆಂಡೆಂಟ್ ಆಗಿದ್ದ ನಾನು ಸಭೆಯಲ್ಲಿ ಬೇಡ ಎಂದೆ, ಕಾರಣವನ್ನೂ ಹೇಳಿದೆ. “ನಿಮ್ಮ ಅನುಭವಕ್ಕೆ ಗೌರವ ಇದೆ ಮೇಡಂ, ಆದರೆ ವಿಧಾನ ಬದಲಾಗಲೇಬೇಕಲ್ಲ” ಎಂದರು ಮುಖ್ಯಸ್ಥರು. ಆದೇಶ ಹೊರಟಿತು. ಬೆಳಿಗ್ಗೆ ಏಳಕ್ಕೆ ಒಂದು ಪಾಳಿ ಹೊರಗೆ, ಏಳಕ್ಕೆ ಇನ್ನೊಂದು ಒಳಗೆ; ಮಧ್ಯಾಹ್ನ, ರಾತ್ರಿಯ ಪಾಳಿಗಳಿಗೂ ಹಾಗೆಯೇ. ಯಂತ್ರದಲ್ಲಿ ಮುಖ ತೋರಿಸಲು ಹಿಂದೆ ಮುಂದೆ ಹತ್ತು ನಿಮಿಷದ ವಿನಾಯಿತಿ. ಅದಕ್ಕೂ ಹೆಚ್ಚು ಒಳಗೆ ಉಳಿದರೆ ವಿವರಣೆ ಕೇಳುತ್ತಿದ್ದರು.

ಆದೇಶ ಓದಿ ಹೇಳಿದಾಗ ನರ್ಸುಗಳು ಎಂದದ್ದು ಒಂದೇ ಮಾತು, “ಆಯ್ತು ಮೇಡಂ.” ನಮ್ಮ ಕಡೆಯಲ್ಲಿ ಆಯ್ತು ಎಂದರೆ ಒಪ್ಪಿಗೆ ಎಂದು ತಿಳಿಯುವುದು ಹೊರಗಿನವರು ಮಾಡುವ ತಪ್ಪು. ಅದರ ಅರ್ಥ, ನಿಮ್ಮ ಹತ್ತಿರ ಮಾತಾಡಿ ಪ್ರಯೋಜನವಿಲ್ಲ, ನಾವು ಬೇರೆ ದಾರಿ ನೋಡಿಕೊಳ್ಳುತ್ತೇವೆ ಎಂದು.

ದಾರಿ ಹುಡುಕಿದವಳು ಜುಬೈದಾ. ಗಂಡಸರ ಶಸ್ತ್ರಚಿಕಿತ್ಸೆ ವಾರ್ಡಿನ ಹಿರಿಯ ನರ್ಸು, ರಾತ್ರಿ ಪಾಳಿಯ ಹೊಣೆ ಅವಳದು. ಮನೆ ಕಾಪುವಿನಲ್ಲಿ. ತಾಯಿಗೆ ಎರಡೂ ಕಿಡ್ನಿ ಕೆಲಸ ಮಾಡುತ್ತಿರಲಿಲ್ಲ. ನಮ್ಮಲ್ಲೇ ಡಯಾಲಿಸಿಸ್ ನಡೆಯುತ್ತಿತ್ತು. ಸಿಬ್ಬಂದಿಯ ತಾಯಿ ಎಂದು ರಿಯಾಯಿತಿ ಇತ್ತು. ಜುಬೈದಾ ಪಾಳಿ ಮುಗಿಸಿ ತಾಯಿಯನ್ನು ಯಂತ್ರದ ಪಕ್ಕ ಮಲಗಿಸಿ, ಅಲ್ಲೇ ಕುರ್ಚಿಯಲ್ಲಿ ನಿದ್ದೆ ಮಾಡಿ, ಒಟ್ಟಿಗೆ ಮನೆಗೆ ಹೋಗುತ್ತಿದ್ದಳು. ಆ ಮನೆಯ ಬದುಕು ಈ ಕೆಲಸದ ಮೇಲೆ ನಿಂತಿತ್ತು.

ನಾನು ಕಾಪುವಿನಿಂದ ಬಸ್ಸಿನಲ್ಲಿ ಬರುವವಳು. ಒಂದು ಬೆಳಿಗ್ಗೆ ಇಳಿಯುವಾಗ, ಆಸ್ಪತ್ರೆಯ ಎದುರು ಹೆದ್ದಾರಿಯ ಆಚೆಗಿರುವ ತಂಗುದಾಣದಲ್ಲಿ ಬೆಳಗಿನ ಪಾಳಿಯವರೆಲ್ಲ ಒಟ್ಟಾಗಿ ನಿಂತಿರುವುದನ್ನು ಕಂಡೆ. ನಡುವೆ ರಾತ್ರಿ ಪಾಳಿಯ ಒಬ್ಬಳು. ಉಳಿದವರನ್ನು ವಾರ್ಡಿನಲ್ಲಿ ಬಿಟ್ಟು ಒಬ್ಬಳು ಹತ್ತು ನಿಮಿಷ ಮುಂಚೆ ಹೊರಗೆ ಬರುತ್ತಾಳೆ, ಬರುವವರಿಗೆ ವಾರ್ಡನ್ನು ಬಾಯಿಂದ ಒಪ್ಪಿಸುತ್ತಾಳೆ, ತನ್ನ ಬಸ್ಸು ಹತ್ತುತ್ತಾಳೆ. ಅವರು ರೋಗಿಗಳ ಹೆಸರು ಹೇಳುತ್ತಿರಲಿಲ್ಲ, ಹಾಸಿಗೆಯ ಸಂಖ್ಯೆ ಮಾತ್ರ. ನಾನು ನೋಡಿಯೂ ತಡೆಯಲಿಲ್ಲ. ತಡೆದರೆ ಒಪ್ಪಿಸುವುದೇ ನಿಲ್ಲುತ್ತಿತ್ತು.

ಹೀಗೆ ಕೆಲವು ತಿಂಗಳು ನಡೆಯಿತು. ಒಂದು ದಿನ ಜುಬೈದಾಳ ಸರದಿ. ಅವಳು ಹೇಳಿದ್ದು ಇಷ್ಟು: “ಹನ್ನೊಂದರ ಅಜ್ಜ ರಾತ್ರಿ ಎರಡು ಸಲ ಬಟ್ಟೆ ಒದ್ದೆ ಮಾಡಿಕೊಂಡಿದ್ದಾರೆ. ಮಗನಿಗೆ ಹೇಳಬೇಡಿ ಅಂತ ನನ್ನ ಕೈ ಹಿಡಿದು ಕೇಳಿದ್ದಾರೆ. ಮಗ ಇರುವಾಗ ಆ ವಿಷಯ ತೆಗೀಬೇಡಿ.”

ಮಗ ಅವಳ ಬೆನ್ನ ಹಿಂದೆಯೇ ಬಸ್ಸಿಗೆ ಕಾಯುತ್ತಿದ್ದರು.

ಅವರ ಹೆಸರು ಭಾಸ್ಕರ, ಮಟ್ಟುವಿನವರು; ರಾತ್ರಿ ವಾರ್ಡಿನ ಹೊರಗೆ ಬೆಂಚಿನಲ್ಲಿ ಮಲಗಿ ಈಗ ಮನೆಗೆ ಹೊರಟಿದ್ದರು. ಅವರು ಬಸ್ಸು ಹತ್ತದೆ ಹಿಂದಕ್ಕೆ ಹೋಗಿ ತಂದೆಯನ್ನು ಕೇಳಿದರು. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದರು. ಅಂದೇ ಮನೆಗೆ ಹೋಗಬೇಕೆಂದು ಹಠ ಹಿಡಿದರು, ಡಾಕ್ಟರು ಬೇಡವೆಂದರೂ ಹೋದರು. ಮಗ ಹೋಗುವ ಮುಂಚೆ ದೂರು ಕೊಟ್ಟು ಹೋದರು.

ದೂರು ಮೇಲಿನ ಕಚೇರಿಯವರೆಗೂ ಹೋಯಿತು. ವಿಚಾರಣೆ ನನ್ನ ಪಾಲಿಗೆ ಬಂತು; ಜೊತೆಗೆ ಎಚ್.ಆರ್. ವಿಭಾಗದ ಸಂತೋಷ್ ಎಂಬ ಯುವಕ. ನರ್ಸುಗಳನ್ನು ಒಬ್ಬೊಬ್ಬರಾಗಿ ಕರೆದೆವು.

“ತಂಗುದಾಣದಲ್ಲಿ ಏನು ಮಾತಾಡುತ್ತಿದ್ದಿರಿ?” ಎಂದು ಸಂತೋಷ್ ಯಶೋದಾಳನ್ನು ಕೇಳಿದ.

“ಬಸ್ಸಿನ ವಿಷಯ ಸರ್.”

“ದಿನಾಲೂ ಬಸ್ಸಿನ ವಿಷಯವಾ?”

“ಕಾರ್ಕಳದ ಬಸ್ಸಲ್ವಾ ಸರ್. ಮಾತಾಡ್ಲಿಕ್ಕೆ ತುಂಬ ಉಂಟು.”

ಬೇರೆಯವರಿಗೂ ಏನೂ ಗೊತ್ತಿರಲಿಲ್ಲ. ಜುಬೈದಾ ಮಾತ್ರ ಬಂದು ಕುಳಿತು, ಕೇಳುವ ಮೊದಲೇ, “ಏರ್ಪಾಡು ನನ್ನದು. ಆ ದಿನ ಮಾತಾಡಿದ್ದೂ ನಾನೇ” ಎಂದಳು. ಆಮೇಲೆ ಅಜ್ಜನ ವಿಷಯಕ್ಕೆ ಬಂದಳು. “ಅವರು ನಂಬಿ ಹೇಳಿದ್ದು ಮೇಡಂ. ಕಾಪಾಡ್ಲಿಕ್ಕೆ ಹೋಗಿ ನಾನೇ ಬಯಲಿಗೆ ಹಾಕಿದೆ.”

ಸಂತೋಷ್ ನಿಯಮ ತಿಳಿಸಿದ. ರೋಗಿಯ ಗುಟ್ಟು ಹೊರಗೆ ಹೇಳಿದವರನ್ನು ತೆಗೆದುಹಾಕಬಹುದು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಎಚ್ಚರಿಕೆಯಲ್ಲಿ ಮುಗಿಸಬಹುದು. ಬರವಣಿಗೆ ಹೇಗಿರಬೇಕೆಂದು ಅವನೇ ತಯಾರು ಮಾಡಿ ತಂದಿದ್ದ: ತನ್ನ ಸ್ವಂತ ಬೇಜವಾಬ್ದಾರಿಯಿಂದ ಹೀಗಾಯಿತು, ಆಸ್ಪತ್ರೆಯ ವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ ಎಂದು. ಜುಬೈದಾ ಅದನ್ನು ಓದಿ ಒಂದು ದಿನದ ಸಮಯ ಕೇಳಿದಳು.

ವಿಚಾರಣೆ ಎಂದ ಮೇಲೆ ದೂರು ಕೊಟ್ಟವರ ಮಾತನ್ನೂ ಕೇಳಬೇಕು. ನಾನು ಆಟೋ ಮಾಡಿಕೊಂಡು ಮಟ್ಟುವಿಗೆ ಹೋದೆ. ಭಾಸ್ಕರ ಗದ್ದೆಯಲ್ಲಿ ಗುಳ್ಳ ಬದನೆಯ ಗಿಡಗಳಿಗೆ ನೀರು ಬಿಡುತ್ತಿದ್ದರು. ಕೈ ತೊಳೆದು ಬಂದು ಜಗಲಿಯಲ್ಲಿ ಕುರ್ಚಿ ಹಾಕಿದರು. ಅಜ್ಜ ಒಳಗಿನ ಬಾಗಿಲಿಗೆ ಒರಗಿ ಕುಳಿತಿದ್ದರು.

“ನೀವು ದೂರು ವಾಪಸ್ ತೆಗೀಲಿಕ್ಕೆ ಹೇಳ್ಲಿಕ್ಕೆ ಬಂದದ್ದಾ?” ಎಂದರು ಭಾಸ್ಕರ.

“ಅಲ್ಲ. ನೀವು ಕೇಳಿಸಿಕೊಂಡದ್ದು ಎಂತ ಅಂತ ತಿಳೀಲಿಕ್ಕೆ.”

ಹೇಳಿದರು. ಜುಬೈದಾ ಹೇಳಿದ್ದಕ್ಕೂ ಅದಕ್ಕೂ ಒಂದು ಮಾತಿನ ವ್ಯತ್ಯಾಸವೂ ಇರಲಿಲ್ಲ. ಆಮೇಲೆ, “ನೋಡಿ ಅಮ್ಮ, ಮನೆಗೆ ಬಂದ ಮೇಲೆ ಇವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬೇಕಾದ್ದನ್ನು ನನ್ನ ಹೆಂಡತಿಯ ಹತ್ತಿರ ಕೇಳ್ತಾರೆ. ನಾನು ಮಗ ಅಲ್ವಾ, ಬಟ್ಟೆ ತೊಳೆದ್ರೆ ನನ್ನ ಕೈ ಸವೀತದಾ?” ಎಂದರು.

ಅಜ್ಜ ಬಾಗಿಲಿನಿಂದಲೇ ಮಾತಾಡಿದರು, ಮಗನ ಕಡೆ ನೋಡದೆ, ನನ್ನ ಕಡೆ. “ಆ ಮಗುವಿಗೆ ಎಂತ ಮಾಡ್ತೀರಿ? ಎರಡು ಸಲ ಚಾದರ ಬದಲಿಸಿದ್ದು ಅವಳು. ಒಂದು ಸಲವೂ ಮುಖ ಸಿಂಡರಿಸಲಿಲ್ಲ.”

“ಗೊತ್ತಿಲ್ಲ ಅಜ್ಜ. ಕೆಲಸ ಹೋದರೂ ಹೋಗಬಹುದು.”

ಭಾಸ್ಕರ ನನ್ನ ಕಡೆ ತಿರುಗಿದರು. “ನಾನು ದೂರು ಕೊಟ್ಟದ್ದು ಅವಳ ಮೇಲೆ ಅಲ್ಲ. ಅಷ್ಟು ದೊಡ್ಡ ಕಟ್ಟಡ ಕಟ್ಟಿದ್ದೀರಿ. ಒಳಗೆ ಇದನ್ನು ಹೇಳ್ಲಿಕ್ಕೆ ಒಂದು ಮೂಲೆ ಇಲ್ವಾ? ನಮ್ಮಪ್ಪನ ವಿಷಯ ಬಸ್ ಸ್ಟಾಪಿಗೆ ಯಾಕೆ ಬರಬೇಕು?”

ಹೊರಡುವಾಗ ಒಂದು ಚೀಲ ಗುಳ್ಳ ತಂದು ಎದುರಿಗಿಟ್ಟರು. ವಿಚಾರಣೆ ಮುಗಿಯುವವರೆಗೆ ಏನನ್ನೂ ಮುಟ್ಟುವ ಹಾಗಿಲ್ಲ ಎಂದೆ. “ಸಾಂಬಾರು ಮಾಡಿದ್ರೆ ಯಾರಿಗೆ ಗೊತ್ತಾಗ್ತದೆ?” ಎಂದರು ಅಜ್ಜ. ಅದಕ್ಕೆ ಮಗ ನಕ್ಕರು. ಅಜ್ಜ ನಗಲಿಲ್ಲ, ಆದರೆ ಮುಖವನ್ನು ಅತ್ತ ತಿರುಗಿಸಲೂ ಇಲ್ಲ.

ಮರುದಿನ ಜುಬೈದಾ ತನ್ನ ಬರಹ ತಂದಳು. ಸಂತೋಷನ ಕರಡನ್ನು ಪಕ್ಕಕ್ಕಿಟ್ಟು ಸ್ವಂತ ಕೈಯಲ್ಲಿ ಬರೆದಿದ್ದಳು. ರೋಗಿಯ ಗುಟ್ಟು ಹೊರಗೆ ಹೋದದ್ದು ನನ್ನಿಂದ, ಅದಕ್ಕೆ ಅವರ ಮನೆಗೆ ಹೋಗಿ ಕ್ಷಮೆ ಕೇಳಲು ಸಿದ್ಧಳಿದ್ದೇನೆ ಎಂದಿತ್ತು. ವಾರ್ಡನ್ನು ಒಪ್ಪಿಸದೆ ಹೋಗಲು ನನಗೆ ಬರುವುದಿಲ್ಲ ಎಂದೂ ಬರೆದಿದ್ದಳು. ಒಳಗೆ ಸಮಯ ಕೊಡದಿದ್ದರೆ ಇನ್ನು ಮುಂದೆಯೂ ಹೊರಗೇ ಹೇಳುತ್ತೇನೆ, ಇನ್ನಷ್ಟು ಮೆಲ್ಲಗೆ ಹೇಳುತ್ತೇನೆ ಎಂದು ಮುಗಿಸಿದ್ದಳು.

“ಇದು ತಪ್ಪೊಪ್ಪಿಗೆಯಾ ಮೇಡಂ?” ಎಂದ ಸಂತೋಷ್, ತಲೆಯ ಮೇಲೆ ಕೈ ಇಟ್ಟು.

ನಾನು ಹೊರಗೆ ಕರೆದು ಅವಳನ್ನು ಕೇಳಿದೆ. “ಕೊನೆಯ ಸಾಲು ತೆಗೆದರೆ ಕೆಲಸ ಉಳಿಯುತ್ತದೆ. ತಾಯಿಯನ್ನು ನೆನೆಸಿಕೊಂಡು ನೋಡು.”

“ಉಮ್ಮನಿಗೆ ಓದಿ ಹೇಳಿದ್ದೇನೆ ಮೇಡಂ. ಕೊನೆಯ ಸಾಲು ಅವರಿಗೂ ಇಷ್ಟವಾಗಲಿಲ್ಲ. ಬರೆದ ಮೇಲೆ ತೆಗೀಬೇಡ ಅಂದರು.”

ಬರಹವನ್ನೂ ನನ್ನ ವರದಿಯನ್ನೂ ಮುಖ್ಯಸ್ಥರ ಮುಂದಿಟ್ಟೆವು. ಎರಡನ್ನೂ ನಿಧಾನವಾಗಿ ಓದಿದರು.

“ಬಸ್ ಸ್ಟಾಪಿನಲ್ಲಿ ಹೇಳಿದ್ದು ತಪ್ಪಲ್ಲವಾ ಮೇಡಂ?”

“ತಪ್ಪು ಸರ್.”

“ಇಷ್ಟು ಕಷ್ಟವಾಗುತ್ತಿದ್ದರೆ ನನಗೆ ಯಾಕೆ ಯಾರೂ ಹೇಳಲಿಲ್ಲ? ಅಷ್ಟು ದೊಡ್ಡ ಸಭೆ ಕರೆದೆ. ಸಮೀಕ್ಷೆ ಮಾಡಿಸಿದೆ.”

“ಹೇಳಿದವಳಿಗೆ ಏನಾಗುತ್ತದೆ ಎಂದು ನೋಡಲು ಉಳಿದವರು ಈಗ ಕಾಯುತ್ತಿದ್ದಾರೆ ಸರ್,” ಎಂದೆ.

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದ ತಂಗುದಾಣ ಕಾಣುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ತೀರ್ಮಾನ ಎರಡು ಭಾಗವಾಗಿ ಬಂತು. ಹೋದ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ವಾಪಸ್ ಬಂತು, ಮೊದಲು ಒಂದು ವಾರ್ಡಿಗೆ, ಆಮೇಲೆ ಎಲ್ಲ ವಾರ್ಡಿಗೂ. ಹಾಸಿಗೆಯ ಬಳಿ ಪರದೆ ಎಳೆದು, ಸಂಬಂಧಿಕರನ್ನು ಹೊರಗೆ ನಿಲ್ಲಿಸಿ, ಬಾಯಿಂದ ಒಪ್ಪಿಸಬೇಕು. ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ಫಲಕ ಹಾಕಿದರು. ಎರಡನೆಯದು, ಜುಬೈದಾಳನ್ನು ಕಾರ್ಕಳದ ಶಾಖೆಗೆ ವರ್ಗ ಮಾಡಿದರು. ಮೇಲಿನ ಕಚೇರಿಗೆ ಏನಾದರೂ ತೋರಿಸಬೇಕಿತ್ತು. ಮುಖ್ಯಸ್ಥರು ನನ್ನನ್ನು ಕರೆದು, “ಕೆಲಸ ಉಳಿಸಿದ್ದೇನೆ ಮೇಡಂ, ಇದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ” ಎಂದರು. ಅವರು ಸುಳ್ಳು ಹೇಳಿದರು ಎಂದು ನನಗೆ ಅನಿಸಲಿಲ್ಲ.

ಕಾರ್ಕಳದಲ್ಲಿ ಡಯಾಲಿಸಿಸ್ ಇರಲಿಲ್ಲ. ಅಲ್ಲಿ ಪಾಳಿ ಮಾಡಿ ಇಲ್ಲಿ ತಾಯಿಯನ್ನು ನೋಡಿಕೊಳ್ಳಲು ಸಾಧ್ಯವಿರಲಿಲ್ಲ. ಜುಬೈದಾ ರಾಜೀನಾಮೆ ಕೊಟ್ಟು ಕಾಪುವಿನ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಸೇರಿದಳು. ಅವಳ ಹಿಂದೆ ಆ ವಾರ್ಡಿನ ಅನುಭವಸ್ಥರು ಒಬ್ಬೊಬ್ಬರಾಗಿ ಹೋದರು. ಯಾರೂ ಜಗಳ ಮಾಡಲಿಲ್ಲ. ಕಾರಣ ಕೇಳಿದ ಕಡೆಯಲ್ಲಿ ಎಲ್ಲರೂ ಸ್ವಂತ ಕಾರಣ ಎಂದು ಬರೆದರು. ಯಶೋದಾ ಹೋಗುವಾಗ ಸಂತೋಷ್, “ನಿಜವಾದ ಕಾರಣ ಹೇಳಿ ಸಿಸ್ಟರ್, ಯಾರಿಗೂ ಹೇಳುವುದಿಲ್ಲ” ಎಂದನಂತೆ. “ಯಾರಿಗೂ ಹೇಳದಿದ್ರೆ ನಿಮಗೆ ಹೇಳಿ ಎಂತ ಪ್ರಯೋಜನ ಸರ್?” ಎಂದಳಂತೆ ಇವಳು.

ನಾನು ಮರುವರ್ಷ ನಿವೃತ್ತಳಾದೆ. ಹೊಸ ನರ್ಸುಗಳನ್ನು ತರಬೇತಿ ಮಾಡುವುದರಲ್ಲೇ ಆ ವರ್ಷ ಕಳೆದಿತ್ತು. ಒಳ್ಳೆಯ ಮಕ್ಕಳು, ಬೇಗ ಕಲಿತರು. ಹಳಬರ ವಿಷಯ ಅವರಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ರಕ್ತದೊತ್ತಡ ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ಡಯಾಲಿಸಿಸ್ ವಿಭಾಗದ ಮುಂದೆ ಹಾಯುವಾಗ ಗಾಜಿನ ಬಾಗಿಲಿನಲ್ಲಿ ಜುಬೈದಾ ಕಂಡಳು. ತಾಯಿಯ ಹಾಸಿಗೆಯ ಪಕ್ಕ ಕುಳಿತು ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದಳು. ಈಗ ರಿಯಾಯಿತಿ ಇಲ್ಲ, ಎಲ್ಲರಂತೆ ಬರುತ್ತಾಳೆ. ಮಾತಾಡಿಸೋಣವೆಂದು ಬಾಗಿಲು ತಳ್ಳುವಷ್ಟರಲ್ಲಿ ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಾಯಿತು. ಇಬ್ಬರು ನರ್ಸುಗಳು ಹಾಸಿಗೆಯ ಬಳಿ ಬಂದರು. ಕಿರಿಯವಳು ಪರದೆಗೆ ಕೈ ಹಾಕಿ, “ಅಕ್ಕ, ಸ್ವಲ್ಪ ಹೊರಗೆ ನಿಲ್ತೀರಾ? ನಮಗೆ ಒಪ್ಪಿಸ್ಲಿಕ್ಕುಂಟು. ಮನೆಯವರು ಇರುವ ಹಾಗಿಲ್ಲ” ಎಂದಳು.

ಜುಬೈದಾ ಎದ್ದಳು. ಪರದೆಯ ಒಂದು ಕೊಂಡಿ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿಕೊಟ್ಟಳು.

“ಅವಸರ ಮಾಡಬೇಡಿ,” ಎಂದಳು. “ಪೂರ್ತಿ ಹೇಳಿ ಮುಗಿಸಿ.”

ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಪರದೆಯ ಒಳಗಿನಿಂದ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.